ದಪ್ಪ ಮೂತಿ, ಕಿರಿದು ಬಾಯಿ: ಡೀಸೆಲ್ ಪಿಕಪ್ಪಿಗೆ ಮೊದಲ ಸಲ ಎಣ್ಣೆ ಹಾಕುವವರಿಗಾಗಿ ಒಂದಿಷ್ಟು ಇತಿಹಾಸ

ಅಮೆರಿಕದಲ್ಲಿ ಪೆಟ್ರೋಲ್ ಕಾರಿನ ಟ್ಯಾಂಕಿಗೆ ತಪ್ಪಿ ಡೀಸೆಲ್ ಹಾಕಬೇಕೆಂದರೆ ಸ್ವಲ್ಪ ಕಷ್ಟಪಡಬೇಕು. ಡೀಸೆಲ್ ಪಂಪಿನ ಮೂತಿ ದಪ್ಪ, ಕಾರಿನ ಟ್ಯಾಂಕಿನ ಬಾಯಿ ಕಿರಿದು. ಒಳಗೇ ಹೋಗುವುದಿಲ್ಲ. ಆದರೆ ಡೀಸೆಲ್ ಪಿಕಪ್ಪಿಗೆ ಪೆಟ್ರೋಲ್ ಹಾಕುವುದು ನೀರು ಕುಡಿದಷ್ಟು ಸುಲಭ. ಸಪೂರ ಮೂತಿ ಅಗಲವಾದ ಬಾಯಿಯೊಳಗೆ ಸಲೀಸಾಗಿ ಇಳಿಯುತ್ತದೆ. ಪಂಪು ತಕರಾರು ಮಾಡುವುದಿಲ್ಲ, ಗಾಡಿಯೂ ಮಾತಾಡುವುದಿಲ್ಲ. ವಿಚಿತ್ರ ನೋಡಿ, ಹೆಚ್ಚು ನಷ್ಟವಾಗುವುದು ಈ ಎರಡನೆಯ ತಪ್ಪಿನಿಂದಲೇ. ಕಡಿಮೆ ಅಪಾಯದ ಕಡೆ ಬಾಗಿಲು ಹಾಕಿ ಬೀಗ ಜಡಿದಿದ್ದಾರೆ, ಹೆಚ್ಚು ಅಪಾಯದ ಕಡೆ ಬಾಗಿಲು ಹಾರುಹೊಡೆದು ಬಿಟ್ಟಿದ್ದಾರೆ!

ಇಂಥದ್ದನ್ನು ಯಾವ ಬುದ್ಧಿವಂತ ಇಂಜಿನಿಯರ್ ಮಾಡಿದ ಅಂತ ಕೇಳಬೇಡಿ. ಯಾರೂ ಮಾಡಲಿಲ್ಲ. ಆ ಬೀಗವನ್ನು ಜಡಿದದ್ದು ಡೀಸೆಲ್‌ಗಾಗಿ ಅಲ್ಲವೇ ಅಲ್ಲ, ಸೀಸಕ್ಕಾಗಿ. ಆ ಕಥೆ ಹೇಳೋಣ ಅಂತ ಈ ಬರಹ.

ಮೊದಲು ಎರಡು ಇಂಜಿನ್‌ಗಳ ಸ್ವಭಾವ ಸ್ವಲ್ಪ ನೋಡಿಬಿಡೋಣ. ಪೆಟ್ರೋಲ್ ಇಂಜಿನ್ನಿನಲ್ಲಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣಕ್ಕೆ ಪ್ಲಗ್ಗಿನ ಕಿಡಿ ತಾಗಿಸಿ ಬೆಂಕಿ ಹಚ್ಚುತ್ತಾರೆ. ಕಿಡಿಯಿಂದ ಹೊತ್ತಿದ ಬೆಂಕಿ ತಲುಪುವ ಮೊದಲೇ ಅದು ತಾನಾಗಿ ಹೊತ್ತಿಕೊಳ್ಳಬಾರದು. ಹೊತ್ತಿಕೊಂಡರೆ ಇಂಜಿನ್ ಒಳಗೆ ಟಕಟಕ ಸದ್ದು, ಅದೇ 'ನಾಕಿಂಗ್'. ಡೀಸೆಲ್ ಇಂಜಿನ್ನಿನಲ್ಲಿ ಪ್ಲಗ್ಗೇ ಇಲ್ಲ. ಬರೀ ಗಾಳಿಯನ್ನು ಬಲವಾಗಿ ಅದುಮುತ್ತಾರೆ. ಅದುಮಿದ ಗಾಳಿ ಕಾಯುತ್ತದೆ (ಸೈಕಲ್ಲಿಗೆ ಗಾಳಿ ಹೊಡೆದವರಿಗೆಲ್ಲ ಪಂಪಿನ ತಳ ಬಿಸಿಯಾಗುವುದು ಗೊತ್ತು). ಆ ಕಾದ ಗಾಳಿಗೆ ಡೀಸೆಲ್ ಚಿಮುಕಿಸಿದರೆ ತಾನಾಗಿಯೇ ಹೊತ್ತಿಕೊಳ್ಳಬೇಕು. ಅಂದರೆ ಒಂದಕ್ಕೆ ತಾನಾಗಿ ಹೊತ್ತಿಕೊಳ್ಳದ ಎಣ್ಣೆ ಬೇಕು, ಇನ್ನೊಂದಕ್ಕೆ ತಾನಾಗಿ ಹೊತ್ತಿಕೊಳ್ಳುವ ಎಣ್ಣೆ ಬೇಕು. ಎಣ್ಣೆ ಎಂದರೆ ಗಾಡಿಯ ಎಣ್ಣೆ ಸ್ವಾಮಿ, ಬೇರೆ ಅರ್ಥ ಮಾಡಿಕೊಳ್ಳಬೇಡಿ :-)

ರುಡಾಲ್ಫ್ ಡೀಸೆಲ್ ತನ್ನ ಇಂಜಿನ್ನಿಗೆ 1892ರಲ್ಲಿ ಪೇಟೆಂಟ್ ಅರ್ಜಿ ಹಾಕಿದ. ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಅದು ನೆಟ್ಟಗೆ ಓಡಿದ್ದು 1897ರಲ್ಲಿ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಡೀಸೆಲ್ ಇಂಜಿನ್ನನ್ನು ಕಡಲೆಕಾಯಿ ಎಣ್ಣೆಯಲ್ಲಿ ಓಡಿಸಿ ತೋರಿಸಿದ್ದರು. 1913ರಲ್ಲಿ ಡೀಸೆಲ್ ಇಂಗ್ಲೆಂಡಿಗೆ ಹೊರಟಿದ್ದ ಹಡಗಿನಿಂದ ರಾತ್ರೋರಾತ್ರಿ ಕಾಣೆಯಾದ. ಅದೇ ಒಂದು ದೊಡ್ಡ ಪತ್ತೇದಾರಿ ಕಥೆ, ಇನ್ನೊಮ್ಮೆ ಬರೆಯುತ್ತೇನೆ. ಅವನ ಕಾಲದ ಇಂಜಿನ್ನುಗಳು ಕಾರ್ಖಾನೆಗೆ, ಹಡಗಿಗೆ ಸರಿ, ರಸ್ತೆಗೆ ಬರಲಾರದಷ್ಟು ಭಾರ. ಬಾಷ್ ಕಂಪನಿ 1927ರಲ್ಲಿ ಇಂಜೆಕ್ಷನ್ ಪಂಪುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ ಮೇಲೆ ಲಾರಿಗಳಲ್ಲಿ ಡೀಸೆಲ್ ನೆಲೆಯೂರಿತು. ಅಮೆರಿಕದಲ್ಲಿ ಕ್ಲೆಸ್ಸಿ ಕಮ್ಮಿನ್ಸ್ ಎಂಬಾತ 1930ರ ಜನವರಿಯಲ್ಲಿ ಒಂದು ಹಳೇ ಪ್ಯಾಕರ್ಡ್ ಕಾರಿಗೆ ಡೀಸೆಲ್ ಇಂಜಿನ್ ಕೂರಿಸಿ ಇಂಡಿಯಾನಾಪೊಲಿಸ್‌ನಿಂದ ನ್ಯೂಯಾರ್ಕಿಗೆ ಓಡಿಸಿದ. ಸುಮಾರು 800 ಮೈಲಿ. ಇಂಧನದ ಖರ್ಚು 1 ಡಾಲರ್ 38 ಸೆಂಟ್! ಪುಣೆಯಲ್ಲಿ ಕಾರ್ಖಾನೆ ಇರುವ ಕಮ್ಮಿನ್ಸ್ ಕಂಪನಿಯನ್ನು ಕಟ್ಟಿದವನು ಇವನೇ.

ಇಲ್ಲಿಗೆ ಡೀಸೆಲ್ ಕಥೆ ನಿಲ್ಲಿಸಿ ಸೀಸದ ಕಥೆಗೆ ಬರೋಣ.

ಪೆಟ್ರೋಲಿನ ನಾಕಿಂಗ್ ಕಾಟಕ್ಕೆ ಮದ್ದು ಹುಡುಕುತ್ತಿದ್ದ ಜನರಲ್ ಮೋಟರ್ಸ್‌ನ ಥಾಮಸ್ ಮಿಜ್ಲಿಗೆ 1921ರಲ್ಲಿ ಟೆಟ್ರಾಈಥೈಲ್ ಲೆಡ್ ಸಿಕ್ಕಿತು. ಒಂದು ಗ್ಯಾಲನ್ನಿಗೆ ಚಿಟಿಕೆಯಷ್ಟು ಬೆರೆಸಿದರೆ ಸಾಕು, ಟಕಟಕ ಬಂದ್. 1923ರಲ್ಲಿ ಮಾರಾಟ ಶುರು. 1924ರ ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿಯ ಬೇವೇ ಎಂಬಲ್ಲಿ ಇದನ್ನು ತಯಾರಿಸುತ್ತಿದ್ದ ಕೆಲಸಗಾರರಿಗೆ ಬುದ್ಧಿಭ್ರಮಣೆಯಾಯಿತು. ಐದು ಜನ ಸತ್ತರು. ಆ ಸುದ್ದಿ ಹಬ್ಬಿದಾಗ ಮಿಜ್ಲಿ ಪತ್ರಕರ್ತರ ಮುಂದೆ ಅದೇ ದ್ರವದಲ್ಲಿ ಕೈ ತೊಳೆದು, ನೋಡಿ ಏನೂ ಆಗುವುದಿಲ್ಲ ಅಂತ ತೋರಿಸಿದ. ಅದಕ್ಕೆ ಹಿಂದಿನ ವರ್ಷ ಸೀಸದ ವಿಷ ಏರಿ ಹಾಸಿಗೆ ಹಿಡಿದಿದ್ದವನೂ ಅವನೇ! ಧೈರ್ಯವೋ, ಭಂಡತನವೋ, ಹೊಟ್ಟೆಪಾಡೋ, ನನಗಂತೂ ಅದು ಭಂಡತನವಾಗಿಯೇ ಕಾಣುತ್ತದೆ. ಮುಂದೆ ಸುಮಾರು ಐವತ್ತು ವರ್ಷ ಜಗತ್ತಿನ ಕಾರುಗಳೆಲ್ಲ ಸೀಸ ಉಗುಳುತ್ತಾ ಓಡಾಡಿದವು.

ಡೀಸೆಲ್ಲಿಗೆ ಈ ಸೀಸದ ಗೊಡವೆ ಯಾವತ್ತೂ ಇರಲಿಲ್ಲ. ತಾನಾಗಿ ಹೊತ್ತಿಕೊಳ್ಳುವುದನ್ನು ತಡೆಯುವ ಮದ್ದು ಸೀಸ, ತಾನಾಗಿ ಹೊತ್ತಿಕೊಳ್ಳಲೇಬೇಕಾದ ಎಣ್ಣೆ ಡೀಸೆಲ್. ಎಲ್ಲಿಂದೆಲ್ಲಿಗೆ ಸಂಬಂಧ? ಆದರೂ ಡೀಸೆಲ್ ಪಂಪಿನ ಮೂತಿಯ ಅಳತೆ ಬಂದದ್ದು ಸೀಸದ ಕಾನೂನಿನಿಂದ.

1965ರಲ್ಲಿ ಕ್ಲೇರ್ ಪ್ಯಾಟರ್ಸನ್ ಎಂಬ ಭೂರಸಾಯನ ವಿಜ್ಞಾನಿ (ಭೂಮಿಯ ವಯಸ್ಸು 455 ಕೋಟಿ ವರ್ಷ ಅಂತ ಲೆಕ್ಕ ಹಾಕಿದವನು) ಮನುಷ್ಯರ ಮೈಯಲ್ಲಿರುವ ಸೀಸ ಪ್ರಕೃತಿಯದ್ದಲ್ಲ, ಕಾರು ಕಾರ್ಖಾನೆಗಳಿಂದ ಬಂದದ್ದು ಅಂತ ಬರೆದ. ಆದರೆ ಸೀಸಕ್ಕೆ ಮೊದಲ ಪೆಟ್ಟು ಬಿದ್ದದ್ದು ಅದರ ವಿಷಕ್ಕಾಗಿ ಮಾತ್ರವಲ್ಲ. 1970ರ ಕ್ಲೀನ್ ಏರ್ ಕಾಯಿದೆಯ ಪ್ರಕಾರ ಕಾರಿನ ಹೊಗೆ ಕಡಿಮೆಯಾಗಬೇಕಿತ್ತು. ಅದಕ್ಕೆ ಕಂಪನಿಗಳು ಸೈಲೆನ್ಸರಿನ ದಾರಿಯಲ್ಲಿ ಪ್ಲಾಟಿನಂ ಲೇಪಿಸಿದ ಕ್ಯಾಟಲಿಟಿಕ್ ಕನ್ವರ್ಟರ್ ಕೂರಿಸಲು ಹೊರಟವು. ಸೀಸ ಆ ಪ್ಲಾಟಿನಂ ಮೇಲೆ ಕೂತರೆ ಕನ್ವರ್ಟರ್ ಸತ್ತಂತೆಯೇ. ಹಾಗಾಗಿ ಹೊಸ ಕಾರುಗಳಿಗೆ ಸೀಸವಿಲ್ಲದ ಪೆಟ್ರೋಲ್ ಬೇಕು, ಹಳೇ ಕಾರುಗಳಿಗೆ ಸೀಸದ್ದೂ ಸಿಗಬೇಕು. 1974ರ ಜುಲೈ 1ರಿಂದ ದೊಡ್ಡ ಬಂಕುಗಳಲ್ಲಿ ಎರಡೂ ಇರಬೇಕೆಂದು ಆಜ್ಞೆಯಾಯಿತು.

ಒಂದೇ ಬಂಕಿನಲ್ಲಿ ಎರಡು ಪೆಟ್ರೋಲ್. ಹೊಸ ಕಾರಿಗೆ ಸೀಸದ್ದು ಬೀಳದಂತೆ ನೋಡಿಕೊಳ್ಳುವುದು ಹೇಗೆ? ಬೋರ್ಡ್ ಹಾಕಿದರೆ ಯಾರು ಓದುತ್ತಾರೆ! ಅದಕ್ಕೆ ಸರ್ಕಾರ ಒಂದು ಅಳತೆ ಹೇಳಿತು. ಸೀಸವಿಲ್ಲದ ಪಂಪಿನ ಮೂತಿಯ ಹೊರ ಅಡ್ಡಗಲ 0.840 ಇಂಚಿಗಿಂತ ಹೆಚ್ಚಿರಬಾರದು. ಸೀಸದ ಪಂಪಿನದ್ದು 0.930 ಇಂಚಿಗಿಂತ ಕಡಿಮೆ ಇರಬಾರದು. ಹೊಸ ಕಾರುಗಳ ಟ್ಯಾಂಕಿನ ಬಾಯಿಯೊಳಗೆ ಸಪೂರ ಮೂತಿ ಮಾತ್ರ ಹೋಗುವಂಥ ಒಂದು ಬಳೆ ಮತ್ತು ಮುಚ್ಚಿಕೊಳ್ಳುವ ರೆಕ್ಕೆ ಇರಬೇಕು. ಎರಡು ಅಳತೆಗಳ ನಡುವೆ ಇರುವುದು 2 ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಆದರೂ ಕೆಲಸ ನಡೆಯಿತು. ಪೂರ್ತಿ ಅಲ್ಲ... ಸೀಸದ ಪೆಟ್ರೋಲ್ ಅಗ್ಗವಾಗಿತ್ತಾದ್ದರಿಂದ ಜನ ಆ ಬಳೆಯನ್ನು ಸ್ಕ್ರೂಡ್ರೈವರಿನಿಂದ ಮೀಟಿ ತೆಗೆದರು, ಇಲ್ಲವೇ ಒಂದು ಲಾಳಿಕೆ ಇಟ್ಟು ಹೊಯ್ದುಕೊಂಡರು. ನಾಲ್ಕು ಕಾಸು ಉಳಿಸುವ ವಿದ್ಯೆ ನಮ್ಮ ದೇಶದವರಿಗೆ ಮಾತ್ರ ಗೊತ್ತು ಅಂದುಕೊಂಡಿದ್ದರೆ ಅದು ತಪ್ಪು.

ಈ ಗಲಾಟೆಯಲ್ಲಿ ಡೀಸೆಲ್ ಪಂಪನ್ನು ಕೇಳುವವರೇ ಇರಲಿಲ್ಲ. ಅದಕ್ಕೆ ದಪ್ಪ ಮೂತಿಯೇ ವಾಡಿಕೆಯಾಯಿತು, ಸುಮಾರು 24 ಮಿಲಿಮೀಟರ್. ಪೆಟ್ರೋಲ್ ಕಾರಿನ ಕಿರಿದು ಬಾಯಿಗೆ ಅದು ಹೋಗುವುದಿಲ್ಲ ಎಂಬುದು ಪುಕ್ಕಟೆ ಸಿಕ್ಕ ಲಾಭ. ಡೀಸೆಲ್ ಗಾಡಿಯ ಬಾಯಿ ಮಾತ್ರ ಅಗಲವಾಗಿಯೇ ಇರಬೇಕಲ್ಲ, ಅಲ್ಲಿ ಎಲ್ಲ ಮೂತಿಗಳಿಗೂ ಸ್ವಾಗತ. 1996ರ ಜನವರಿ 1ರಂದು ಅಮೆರಿಕದ ರಸ್ತೆಗಳಿಂದ ಸೀಸದ ಪೆಟ್ರೋಲ್ ಪೂರ್ತಿ ಹೋಯಿತು. ಭಾರತದಲ್ಲಿ 2000ದಲ್ಲಿ ಹೋಯಿತು. ಕೊನೆಯದಾಗಿ ಅಲ್ಜೀರಿಯ 2021ರಲ್ಲಿ ನಿಲ್ಲಿಸಿತು. ಸಪೂರ ಮೂತಿ, ಕಿರಿದು ಬಾಯಿ ಮಾತ್ರ ಹಾಗೇ ಉಳಿದವು.

ಡೀಸೆಲ್ ಪಿಕಪ್ ಅಮೆರಿಕದ ಸಾಮಾನ್ಯ ಜನರ ಕೈಗೆ ಬಂದದ್ದೂ ಸರಿಸುಮಾರು ಇದೇ ಹೊತ್ತಿಗೆ. ಪಿಕಪ್ ಅಂದರೆ ನಮ್ಮ ಟಾಟಾ 207, ಬೊಲೆರೊ ಪಿಕಪ್ ಥರದ್ದೇ, ಮುಂದೆ ಕ್ಯಾಬಿನ್, ಹಿಂದೆ ತೆರೆದ ತೊಟ್ಟಿ. ಇಲ್ಲಿ ಅದರ ಗಾತ್ರ ನೋಡಿದರೆ ಮಾತ್ರ ಎದೆ ಝಲ್ಲೆನ್ನುತ್ತದೆ. 1973ರ ತೈಲ ಬಿಕ್ಕಟ್ಟಿನಲ್ಲಿ ಬಂಕುಗಳ ಮುಂದೆ ಮೈಲಿಗಟ್ಟಲೆ ಸಾಲು ನಿಂತ ಮೇಲೆ ಹೆಚ್ಚು ಮೈಲೇಜ್ ಕೊಡುವ ಡೀಸೆಲ್ ಮೇಲೆ ಎಲ್ಲರ ಕಣ್ಣು ಬಿತ್ತು. 1978ರಲ್ಲಿ ಜನರಲ್ ಮೋಟರ್ಸ್ ತನ್ನ ಓಲ್ಡ್ಸ್‌ಮೊಬೀಲ್ 5.7 ಲೀಟರ್ ಡೀಸೆಲ್ ಇಂಜಿನ್ನನ್ನು ಕಾರುಗಳಲ್ಲೂ ಶೆವ್ರೊಲೆ ಪಿಕಪ್ಪಿನಲ್ಲೂ ಕೂರಿಸಿತು. ಪೆಟ್ರೋಲ್ ಇಂಜಿನ್ನಿನ ವಿನ್ಯಾಸವನ್ನೇ ಗಟ್ಟಿಮಾಡಿ ಬೆಳೆಸಿದ್ದು. ಸಿಲಿಂಡರ್ ಹೆಡ್ಡಿನ ಬೋಲ್ಟುಗಳು ಆ ಒತ್ತಡಕ್ಕೆ ಹಿಗ್ಗಿದವು. ಅದಕ್ಕಿಂತ ದೊಡ್ಡ ಎಡವಟ್ಟು, ಡೀಸೆಲ್ಲಿನಲ್ಲಿ ಸೇರಿಕೊಳ್ಳುವ ನೀರನ್ನು ಬೇರ್ಪಡಿಸುವ ಫಿಲ್ಟರನ್ನೇ ಕೊಟ್ಟಿರಲಿಲ್ಲ. ಬಂಕಿನ ಡೀಸೆಲ್ಲಿನಲ್ಲಿದ್ದ ನೀರು ನೇರ ಇಂಜೆಕ್ಷನ್ ಪಂಪಿಗೆ ಹೋಗಿ ತುಕ್ಕು ಹಿಡಿಸಿತು. ಗಿರಾಕಿಗಳು ಕೋರ್ಟಿಗೆ ಹೋದರು. 1985ಕ್ಕೆ ಆ ಇಂಜಿನ್ ಕಥೆ ಮುಗಿಯಿತು. ಅಮೆರಿಕದ ಕಾರು ಕೊಳ್ಳುವವರು ಡೀಸೆಲ್ ಅಂದರೆ ಮಾರು ದೂರ ಹೋಗುವಂತಾದದ್ದು ಹೀಗೆ. ಪಿಕಪ್ಪಿನವರು ಮಾತ್ರ ಬಿಡಲಿಲ್ಲ. ಕುದುರೆ ಟ್ರೇಲರ್ ಎಳೆಯುವವರು, ಹುಲ್ಲಿನ ಪಿಂಡಿ ಸಾಗಿಸುವವರು, ಕಟ್ಟಡದ ಕಂಟ್ರಾಕ್ಟರುಗಳು. 1983ರಲ್ಲಿ ಫೋರ್ಡ್ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್‌ನ 6.9 ಲೀಟರ್ ಇಂಜಿನ್ ಹಾಕಿತು, 1989ರಲ್ಲಿ ಡಾಡ್ಜ್ ಪಿಕಪ್ಪಿಗೆ ಕಮ್ಮಿನ್ಸ್ 5.9 ಲೀಟರ್ ಬಂತು. ಇವು ಮೊದಲಿಂದಲೂ ಡೀಸೆಲ್ಲಾಗಿಯೇ ಹುಟ್ಟಿದ ಇಂಜಿನ್ನುಗಳು, ನಿಂತವು.

ಇದೇ ಹತ್ತು ವರ್ಷದಲ್ಲಿ ಇನ್ನೊಂದು ಬದಲಾವಣೆ. ಅಮೆರಿಕದ ಬಂಕುಗಳಲ್ಲಿ ಎಣ್ಣೆ ಹಾಕುವ ಹುಡುಗರು ಮಾಯವಾಗಿ 'ನೀವೇ ಹಾಕಿಕೊಳ್ಳಿ' ಪದ್ಧತಿ ಬಂತು. 1964ರಲ್ಲಿ ಕೊಲರಾಡೊದಲ್ಲಿ ಒಳಗೆ ಕೂತೇ ಪಂಪನ್ನು ನಿಯಂತ್ರಿಸುವ ವ್ಯವಸ್ಥೆ ಶುರುವಾಗಿತ್ತು, 70ರ ದಶಕದ ಬೆಲೆ ಏರಿಕೆಯಲ್ಲಿ ಅದು ಎಲ್ಲೆಡೆ ಹಬ್ಬಿತು. ನ್ಯೂಜೆರ್ಸಿ ಮಾತ್ರ 1949ರ ಕಾನೂನಿಗೆ ಅಂಟಿಕೊಂಡು ಪೆಟ್ರೋಲ್ ಹಾಕಲು ಇವತ್ತಿಗೂ ಆಳು ಇಟ್ಟಿದೆ. ಅಲ್ಲಿನ ನಮ್ಮ ಕನ್ನಡಿಗರು ಪುಣ್ಯವಂತರು, ಚಳಿಗಾಲದಲ್ಲಿ ಕಾರಿನಿಂದ ಇಳಿಯಬೇಕಿಲ್ಲ! ನಮ್ಮೂರಲ್ಲಾದರೆ ಬಂಕಿನ ಹುಡುಗ ಮೊದಲು ಕೇಳುತ್ತಾನೆ, "ಪೆಟ್ರೋಲಾ, ಡೀಸೆಲ್ಲಾ ಸಾರ್?" ಆಮೇಲೆ "ಜೀರೋ ನೋಡ್ಕೊಳಿ ಸಾರ್". ಆ ಮೊದಲ ಪ್ರಶ್ನೆಯ ಬೆಲೆ ಇಲ್ಲಿಗೆ ಬಂದ ಮೇಲೆ ಗೊತ್ತಾಗುತ್ತದೆ. ಕೇಳುವವನನ್ನು ತೆಗೆದುಹಾಕಿದ ಮೇಲೆ ಆ ಕೆಲಸವನ್ನು ಮೂತಿಯ ಅಳತೆ ಮಾಡಬೇಕಿತ್ತು. ಅದು ಅರ್ಧ ಮಾತ್ರ ಮಾಡುತ್ತಿದೆ.

ಬೆಂಗಳೂರಿನಿಂದ ಬಂದು, ನಾಲ್ಕಾರು ವರ್ಷ ಪೆಟ್ರೋಲ್ ಕಾರು ಓಡಿಸಿ, ಮನೆ ಬದಲಾಯಿಸಲೆಂದು ಗೆಳೆಯನ ಡೀಸೆಲ್ ಪಿಕಪ್ ಎರವಲು ತಂದವರಿಗೆ ಮೊದಲ ಸಲ ಬಂಕಿನಲ್ಲಿ ಏನೇನು ಎದುರಾಗುತ್ತದೆ ಹೇಳುತ್ತೇನೆ, ನಾನೂ ನಿಂತು ನೋಡಿದ್ದೇನೆ. ಒಂದು, ಹಸಿರು ಹಿಡಿ. ಅಮೆರಿಕದಲ್ಲಿ ಡೀಸೆಲ್ ಪಂಪಿನ ಹಿಡಿ ಸಾಮಾನ್ಯವಾಗಿ ಹಸಿರು. ಆದರೆ ಇದು ದೇಶದ ಕಾನೂನಲ್ಲ, ಬರೀ ರೂಢಿ. ಬಿಪಿ ಬಂಕಿಗೆ ಹೋದರೆ ಅವರ ಕಂಪನಿಯ ಬಣ್ಣವೇ ಹಸಿರು, ಪೆಟ್ರೋಲ್ ಹಿಡಿಯೂ ಹಸಿರು! ಯೂರೋಪಿಗೆ ಹೋದರೆ ಪೂರ್ತಿ ತಿರುವುಮುರುವು, ಅಲ್ಲಿ ಹಸಿರು ಸೀಸವಿಲ್ಲದ ಪೆಟ್ರೋಲಿಗೆ, ಕಪ್ಪು ಡೀಸೆಲ್ಲಿಗೆ. 2018ರ ಅಕ್ಟೋಬರ್‌ನಿಂದ ಅಲ್ಲಿ ಬಣ್ಣದ ಜೊತೆಗೆ ಆಕಾರವನ್ನೂ ತಂದರು. ದುಂಡನೆಯ ಚೀಟಿ ಪೆಟ್ರೋಲ್, ಚೌಕದ ಚೀಟಿ ಡೀಸೆಲ್. ಬಣ್ಣವನ್ನು ನಂಬದೆ ಅಕ್ಷರ ಓದಿ ಹಾಕುವುದೇ ಕ್ಷೇಮ.

ಎರಡು, ಹೆದ್ದಾರಿಯ ಟ್ರಕ್ ಸ್ಟಾಪ್. ಅಲ್ಲಿ ದೊಡ್ಡ ಲಾರಿಗಳ ಸಾಲಿಗೆ ಹೋಗಿ ನಿಂತರೆ ಸಿಗುವುದು ಇನ್ನೂ ದಪ್ಪನೆಯ ಮೂತಿ, ಅನೇಕ ಪಿಕಪ್‌ಗಳ ಬಾಯಿಗೆ ಅದು ಹಿಡಿಸುವುದಿಲ್ಲ. ಹಿಡಿಸಿದರೂ ಅದರ ರಭಸವೇ ಬೇರೆ. ಪೆಟ್ರೋಲ್ ಪಂಪಿಗೆ ನಿಮಿಷಕ್ಕೆ 10 ಗ್ಯಾಲನ್ ಎಂಬ ಮಿತಿ ಇದೆ, ಲಾರಿ ಪಂಪು ಅದರ ದುಪ್ಪಟ್ಟಿಗಿಂತ ವೇಗವಾಗಿ ಸುರಿಯುತ್ತದೆ. ಲಾರಿಗೆ ಎರಡೂ ಬದಿಗೆ ಟ್ಯಾಂಕ್ ಇರುವುದರಿಂದ ಅಲ್ಲಿ ಎರಡು ಪಂಪು, ಒಂದು ಯಜಮಾನ, ಇನ್ನೊಂದು ಅದರ ಬಾಲಂಗೋಚಿ. ಬಾಲಂಗೋಚಿಯನ್ನು ಹಿಡಿದುಕೊಂಡು ಎಷ್ಟು ಹೊತ್ತು ಒತ್ತಿದರೂ ಯಜಮಾನನನ್ನು ಎಬ್ಬಿಸದೆ ತೊಟ್ಟೂ ಬೀಳುವುದಿಲ್ಲ.

ಮೂರು, ನೊರೆ. ಪಂಪಿನ ಮೂತಿಯ ತುದಿಯಲ್ಲಿ ಒಂದು ಸಣ್ಣ ತೂತಿರುತ್ತದೆ, ಎಣ್ಣೆ ಹರಿಯುವಾಗ ಅದು ಗಾಳಿ ಹೀರುತ್ತಿರುತ್ತದೆ. ಟ್ಯಾಂಕ್ ತುಂಬಿ ಎಣ್ಣೆ ಆ ತೂತನ್ನು ಮುಚ್ಚಿದ ಕೂಡಲೇ ಒಳಗಿನ ಒತ್ತಡ ಬದಲಾಗಿ 'ಟಕ್' ಎಂದು ನಿಲ್ಲುತ್ತದೆ. ಡೀಸೆಲ್ ನೊರೆ ಕಟ್ಟುವ ಎಣ್ಣೆ. ಟ್ಯಾಂಕ್ ತುಂಬುವ ಮೊದಲೇ ನೊರೆ ಆ ತೂತಿಗೆ ತಾಗಿ ಪಂಪು ನಿಲ್ಲುತ್ತದೆ. ನಿಧಾನಕ್ಕೆ ಒತ್ತಬೇಕು, ನೊರೆ ಇಳಿಯುವವರೆಗೆ ಕಾಯಬೇಕು. ಕೈಗೆ ತಾಗಿದರೆ ಆ ವಾಸನೆ ಊಟದವರೆಗೂ ಬಿಡುವುದಿಲ್ಲ. ಪೆಟ್ರೋಲಿನಂತೆ ಆರಿ ಹೋಗುವ ಜಾತಿ ಅಲ್ಲ ಅದು.

ಬೆಲೆಯೂ ನಮ್ಮವರನ್ನು ಬೆಚ್ಚಿಬೀಳಿಸುತ್ತದೆ. ಭಾರತದಲ್ಲಿ ದಶಕಗಟ್ಟಲೆ ಸರ್ಕಾರ ಡೀಸೆಲ್ ಬೆಲೆಯನ್ನು ಕೆಳಗೆ ಹಿಡಿದಿಟ್ಟಿತ್ತು, 2014ರ ಅಕ್ಟೋಬರ್‌ನಲ್ಲಷ್ಟೇ ಆ ಹಿಡಿತ ಬಿಟ್ಟದ್ದು. ಅಮೆರಿಕದಲ್ಲಿ ಕೇಂದ್ರದ ತೆರಿಗೆಯೇ ಗ್ಯಾಲನ್ ಪೆಟ್ರೋಲಿಗೆ 18.4 ಸೆಂಟ್, ಡೀಸೆಲ್ಲಿಗೆ 24.4 ಸೆಂಟ್. ಹೊಲದಲ್ಲಿ ಬಳಸುವ ಡೀಸೆಲ್ಲಿಗೆ ಈ ತೆರಿಗೆ ಇಲ್ಲ, ಅದಕ್ಕೆ ಕೆಂಪು ಬಣ್ಣ ಬೆರೆಸುತ್ತಾರೆ. ನಮ್ಮ ರೇಷನ್ ಸೀಮೆಎಣ್ಣೆಗೆ ನೀಲಿ ಬೆರೆಸುತ್ತಿದ್ದರಲ್ಲ, ಹಾಗೆ. ಕೆಂಪು ಡೀಸೆಲ್ ಹಾಕಿಕೊಂಡು ರಸ್ತೆಗಿಳಿದು ಸಿಕ್ಕಿಬಿದ್ದರೆ ದಂಡ.

ಈಗ ಆ ತೆರೆದ ಬಾಗಿಲಿನ ವಿಷಯಕ್ಕೆ ಮತ್ತೆ ಬರೋಣ. ಹಳೇ ಕಾಲದಲ್ಲಿ ಡೀಸೆಲ್ಲಿಗೆ ಸ್ವಲ್ಪ ಪೆಟ್ರೋಲ್ ಬೆರೆತರೆ ಪ್ರಳಯವೇನೂ ಆಗುತ್ತಿರಲಿಲ್ಲ. ಚಳಿಯಲ್ಲಿ ಡೀಸೆಲ್ ಗಟ್ಟಿಯಾಗದಿರಲೆಂದು ಒಂದಿಷ್ಟು ಪೆಟ್ರೋಲ್ ಬೆರೆಸಬಹುದು ಅಂತ ಹಳೇ ಮರ್ಸಿಡಿಸ್ ಡೀಸೆಲ್ ಕಾರುಗಳ ಕೈಪಿಡಿಯಲ್ಲೇ ಇತ್ತು. ಹಾಗಾಗಿ ಆ ಬಾಗಿಲಿಗೆ ಬೀಗ ಬೇಕೆಂದು ಆಗ ಯಾರಿಗೂ ಅನಿಸಲಿಲ್ಲ. 1997ರಲ್ಲಿ ಆಲ್ಫಾ ರೋಮಿಯೋ 156 ಕಾರಿನೊಂದಿಗೆ ಬಾಷ್ ಕಂಪನಿಯ 'ಕಾಮನ್ ರೈಲ್' ಪದ್ಧತಿ ರಸ್ತೆಗೆ ಬಂತು. ಅದರಲ್ಲಿ ಡೀಸೆಲ್ಲನ್ನು ಅದುಮುವ ಒತ್ತಡ ಈಗ 2000 ಬಾರ್ ಮುಟ್ಟಿದೆ, ಅಂದರೆ ಗಾಳಿಯ ಸಾಮಾನ್ಯ ಒತ್ತಡದ ಎರಡು ಸಾವಿರ ಪಟ್ಟು. ಆ ಒತ್ತಡದಲ್ಲಿ ಪಂಪಿನ ಲೋಹಕ್ಕೆ ಲೋಹ ಉಜ್ಜದಂತೆ ಜಾರಿಸುವುದು ಯಾವುದು? ಡೀಸೆಲ್ಲೇ. ಪೆಟ್ರೋಲಿಗೆ ಆ ಜಿಡ್ಡಿಲ್ಲ, ಇದ್ದ ಜಿಡ್ಡನ್ನೂ ತೊಳೆದುಬಿಡುತ್ತದೆ. ಪಂಪು ಸವೆದು ಲೋಹದ ಪುಡಿ ಉದುರಿ ಇಂಜೆಕ್ಟರುಗಳಿಗೆಲ್ಲ ಹರಡುತ್ತದೆ. ರಿಪೇರಿಗೆ ಹಲವು ಸಾವಿರ ಡಾಲರ್, ಸಾಮಾನ್ಯವಾಗಿ ವಾರಂಟಿಯೂ ಇಲ್ಲ. ಗೊತ್ತಾದ ಕ್ಷಣದಲ್ಲಿ ಸ್ಟಾರ್ಟ್ ಮಾಡಬಾರದು, ಕೀಲಿಯನ್ನೇ ತಿರುಗಿಸಬಾರದು. ಎಷ್ಟೋ ಗಾಡಿಗಳಲ್ಲಿ ಕೀಲಿ ತಿರುಗಿಸಿದೊಡನೆ ಟ್ಯಾಂಕಿನೊಳಗಿನ ಪಂಪು ಎಣ್ಣೆಯನ್ನು ಮುಂದಕ್ಕೆ ತಳ್ಳುತ್ತದೆ. ಗಾಡಿಯನ್ನು ತಳ್ಳಿಸಿಯೋ ಎಳೆಸಿಯೋ ಟ್ಯಾಂಕ್ ಖಾಲಿ ಮಾಡಿಸಬೇಕು. ಅದೇ ಪೆಟ್ರೋಲ್ ಕಾರಿಗೆ ಡೀಸೆಲ್ ಬಿದ್ದರೆ ಹೊಗೆ ಕಾರಿ ನಿಂತುಹೋಗುತ್ತದೆ, ತೊಳೆದು ಶುಚಿ ಮಾಡಿದರೆ ಬಹುಪಾಲು ಸರಿಹೋಗುತ್ತದೆ.

ಇನ್ನೂ ಒಂದು ಬಾಯಿ ಇದೆ. 2006ರ ಅಕ್ಟೋಬರ್‌ನಿಂದ ಅಮೆರಿಕದ ಬಂಕುಗಳಿಗೆ ಗಂಧಕ 15 ಪಿಪಿಎಂ ಮಾತ್ರ ಇರುವ ಡೀಸೆಲ್ ಬಂತು, ಅದರ ಹಿಂದೆಯೇ ಹೊಗೆ ಶುದ್ಧಿಯ ಹೊಸ ಸಲಕರಣೆಗಳೂ ಬಂದವು. 2010ರ ಸುಮಾರಿನಿಂದ ಡೀಸೆಲ್ ಪಿಕಪ್‌ಗಳಲ್ಲಿ ನೀಲಿ ಮುಚ್ಚಳದ ಎರಡನೆಯ ಟ್ಯಾಂಕ್ ಕಾಣಿಸಿಕೊಂಡಿತು. ಅದಕ್ಕೆ ಹಾಕಬೇಕಾದದ್ದು ಡಿಇಎಫ್, ಅಂದರೆ ಶೇ. 32.5ರಷ್ಟು ಯೂರಿಯಾ, ಉಳಿದದ್ದು ಶುದ್ಧ ನೀರು. ಗದ್ದೆಗೆ ಎರಚುವ ಅದೇ ಯೂರಿಯಾ, ದರ್ಜೆ ಮಾತ್ರ ಬೇರೆ. ಈ ಪಂಪಿನ ಮೂತಿ 19 ಮಿಲಿಮೀಟರ್, ಡೀಸೆಲ್ ಬಾಯಿಯೊಳಗೆ ಇದೂ ಆರಾಮವಾಗಿ ಇಳಿಯುತ್ತದೆ! ಆದರೆ ಈ ಸಲ ಯಾರೋ ಯೋಚನೆ ಮಾಡಿದ್ದಾರೆ. ಲಾರಿಗಳ ಡಿಇಎಫ್ ಟ್ಯಾಂಕಿನ ಬಾಯಲ್ಲಿ ಒಂದು ಅಯಸ್ಕಾಂತದ ಬಳೆ ಇಟ್ಟು, ಅದು ತಾಗಿದರೆ ಮಾತ್ರ ತೆರೆಯುವಂಥ ಮೂತಿ ಮಾಡಿದರು. ಪಿಕಪ್ಪಿನವರು ಹೆಚ್ಚಾಗಿ ಅಂಗಡಿಯಿಂದ ಡಬ್ಬಿ ತಂದು ಸುರಿಯುತ್ತಾರೆ, ಅಲ್ಲಿ ಈ ಉಪಾಯ ನಡೆಯುವುದಿಲ್ಲ.

ಪೆಟ್ರೋಲ್ ಮೂತಿಗೂ ಒಂದು ಉಪಾಯ ಬಂದಿದೆ, ತಡವಾಗಿ. 2000ರ ದಶಕದ ಕೊನೆಗೆ ಯೂರೋಪಿನಲ್ಲಿ ಫೋರ್ಡ್, ಬಿಎಂಡಬ್ಲ್ಯೂ ಮುಂತಾದವರು ತಮ್ಮ ಡೀಸೆಲ್ ಕಾರುಗಳ ಟ್ಯಾಂಕಿನ ಬಾಯಿಗೆ ಒಂದು ರೆಕ್ಕೆ ಹಾಕಿದರು. ಅದರ ಎರಡೂ ಬದಿಯ ಕೊಂಡಿಗಳನ್ನು ಒಟ್ಟಿಗೆ ಒತ್ತುವಷ್ಟು ದಪ್ಪ ಮೂತಿ ಬಂದರೆ ಮಾತ್ರ ತೆರೆಯುತ್ತದೆ, ಸಪೂರ ಮೂತಿಗೆ ಜಪ್ಪಯ್ಯ ಅಂದರೂ ತೆರೆಯುವುದಿಲ್ಲ. ಬ್ರಿಟನ್ನಿನಲ್ಲಿ ಇಂಥ ಮುಚ್ಚಳವನ್ನು ಹಳೇ ಗಾಡಿಗಳಿಗೂ ಮಾರುತ್ತಾರೆ. ಒಂದೇ ತೊಡಕು, ಅಮೆರಿಕದ ಕೆಲವು ಹಳ್ಳಿ ಬಂಕುಗಳ ಡೀಸೆಲ್ ಪಂಪಿಗೂ ಸಪೂರ ಮೂತಿಯೇ ಇದೆ. ಅಲ್ಲಿ ಈ ರೆಕ್ಕೆ ಸರಿಯಾದ ಎಣ್ಣೆಯನ್ನೂ ಒಳಗೆ ಬಿಡುವುದಿಲ್ಲ. ಮುಚ್ಚಳವಿಲ್ಲದ ಟ್ಯಾಂಕಿನ ಗಾಡಿಗಳಿಗೆ ಡಬ್ಬಿಯಿಂದ ಸುರಿಯುವಾಗ ಬೇಕಾಗುತ್ತದೆಂದು ಫೋರ್ಡಿನವರು ಒಂದು ಪ್ಲಾಸ್ಟಿಕ್ ಲಾಳಿಕೆ ಕೊಟ್ಟಿರುತ್ತಾರೆ. ಅಂಥದ್ದೊಂದು ನಿಮ್ಮ ಪಿಕಪ್ಪಿನಲ್ಲೂ ಇದೆಯಾ ಅಂತ ಹೊರಡುವ ಮೊದಲೇ ಗಾಡಿಯ ಯಜಮಾನನನ್ನು ಕೇಳಿ ಇಟ್ಟುಕೊಳ್ಳಿ.